ನಮಾಜ್ ಮತ್ತು ನಿಸ್ಕಾರಂ
ಬಲೂಚಿಯು ಇರಾನೀ ಕುಲದ್ದು, ಮಲಯಾಳವು ದ್ರಾವಿಡ ಕುಲದ್ದು. ಬಲೂಚಿಸ್ತಾನದ ಕಲಾತಿನ ಸೀಮೆಯಲ್ಲಿ ದ್ರಾವಿಡವೇ ಆದ ಬ್ರಾಹುಈ ನುಡಿಯು ಬಲೂಚಿಯ ನೆರೆಯಲ್ಲಿ ಬಾಳುತ್ತಿರುವುದೊಂದನ್ನುಳಿದರೆ ಇವೆರಡಕ್ಕೂ ನಂಟು ಕಾಣದು. ಆದರೂ ಒಂದೇ ಪ್ರಾರ್ಥನೆಯನ್ನು ಬಲೂಚನು ‘ನಮಾಜ್’ ಎಂದೂ ಮಲಬಾರಿನ ಮುಸಲ್ಮಾನನಾದ ಮಾಪಿಳ್ಳೆಯು ‘ನಿಸ್ಕಾರಂ’ ಎಂದೂ ಕರೆಯುವಾಗ, ಮೊದಲನೆಯದು ಸಂಸ್ಕೃತದ ‘ನಮಸ್’ ಶಬ್ದದ ಇರಾನೀ ಸೋದರ, ಎರಡನೆಯದು ‘ನಮಸ್ಕಾರ’ದ ಸವೆದ ರೂಪವೆಂಬುದನ್ನು ನೆನೆದರೆ ವಿಸ್ಮಯವಾಗದಿರದು. ಉಪವಾಸಕ್ಕೆ ಬಂದರೆ ಮಾತ್ರ ದಾರಿ ಕವಲೊಡೆಯುತ್ತದೆ: ಬಲೂಚಿಯ ‘ರೋಚಗ್’ ಹಗಲೆಂಬರ್ಥದ ‘ರೋಚ್’ನಿಂದ ಬಂದುದು, ಮಲಯಾಳದ ‘ನೋಂಬು’ ನಮ್ಮ ಜೈನರ ‘ನೋಂಪಿ’ಯ ಒಡಹುಟ್ಟು.

ಇಬ್ಬರೂ ಅರಬ್ಬಿಯಲ್ಲಿಯೇ ಪಠಿಸುವ ಸೂಕ್ತಗಳು ಮುಗಿದು, ಮನೆಮಾತಿನಲ್ಲಿ ಮೊರೆಯಿಡುವ ಗಳಿಗೆಯಲ್ಲಿ ಅವರ ಚಿತ್ತದೊಳು ಮೂಡುವ ದೇವನು ಒಬ್ಬನೆ? ಬಲೂಚನ ‘ಹುದಾ’ ಒಡೆಯನು. ಮಾಪಿಳ್ಳೆಯ ‘ಪಡಚ್ಚವನ್’ ಸೃಜಿಸಿದವನು. ತಲೆಗಳು ಒಂದೇ ದಿಕ್ಕಿಗೆ ಬಾಗುವುವಾದರೂ, ಒಡೆಯನೆದುರಿನ ಅಂಜಿಕೆಯೂ ಕರ್ತನೆದುರಿನ ಅಂಜಿಕೆಯೂ ಒಂದೇ ಬಗೆಯವೆಂದು ನನಗೆ ತೋರದು.