ಗೀಟು ಎಳೆದ ಬೆಲೆ

ದೀಪಾವಳಿಗೆ ಮುಂಚಿನ ದಿನಗಳಲ್ಲಿ ಡೊಂಬಿವಲಿಯ ಫಡ್ಕೆ ರಸ್ತೆಗೆ ಇಳಿದವರು ತಾವಾಗಿ ನಡೆಯುವುದಿಲ್ಲ. ಜನಸಂದಣಿಯೇ ಅವರನ್ನು ಮುಂದಕ್ಕೆ ಒಯ್ಯುತ್ತದೆ. ಠಾಣೆಯ ಗೋಖಲೆ ರಸ್ತೆ, ಕಲ್ಯಾಣದ ಶಿವಾಜಿ ಚೌಕ, ವಾಶಿಯ ಮಾಲುಗಳು, ಎಲ್ಲೆಡೆಯೂ ಅದೇ ದೃಶ್ಯ, ಅದೇ ಫಲಕ: ಶೇಕಡಾ 50 ರಿಯಾಯಿತಿ. ಕೆಲವು ವರ್ಷಗಳ ಹಿಂದೆ ಇಂತಹ ಅಂಗಡಿಯೊಂದರಲ್ಲಿ ನಾವು ಕಂಡ ಸೀರೆಯ ಚೀಟಿಯಲ್ಲಿ 1,800 ರೂಪಾಯಿ ಎಂದಿತ್ತು. ನವರಾತ್ರಿ ಕಳೆದು ‘ಸೇಲ್’ ಆರಂಭವಾದಾಗ ಅದೇ ಸೀರೆಗೆ ಹೊಸ ಚೀಟಿ: 3,600, ಅದರ ಮೇಲೆ ಕೆಂಪು ಗೀಟು, ಕೆಳಗೆ 1,800. ನಮ್ಮೊಡನಿದ್ದ ಬಂಧುಗಳು ಅದನ್ನು ಕೊಂಡು, ಅರ್ಧಕ್ಕರ್ಧ ಉಳಿಯಿತೆಂದು ಸಂತೋಷಪಟ್ಟರು. ಹಬ್ಬದ ಹೊತ್ತಿನಲ್ಲಿ ಅವರ ಸಂತೋಷವನ್ನು ಕೆಡಿಸಲಾರದೆ ನಾವು ಸುಮ್ಮನಿದ್ದೆವು. ಆ ಮೌನವು ಸರಿಯಾಗಿತ್ತೇ ಎಂಬ ಸಂಶಯ ಇಂದಿಗೂ ಹೋಗಿಲ್ಲ.

ಈ ಸಂಶಯಕ್ಕೆ ಇನ್ನಷ್ಟು ಭಾರ ತಂದವನು ಬೇರೊಂದು ಬಟ್ಟೆಯಂಗಡಿಯಲ್ಲಿ ಕೆಲಸ ಮಾಡುವ ನಮ್ಮವರ ಪೈಕಿ ಒಬ್ಬ ಯುವಕ. ಏಕಾದಶಿಯ ಭಜನೆ ಮುಗಿದ ಮೇಲೆ ಹತ್ತಿರ ಬಂದು ಕುಳಿತು ಕೇಳಿದನು: “ಸೇಲಿನ ಹಿಂದಿನ ರಾತ್ರಿ ಬಾಗಿಲು ಹಾಕಿಕೊಂಡು ಎಲ್ಲ ಚೀಟಿಗಳನ್ನೂ ಬದಲಿಸಿದೆವು. ಬೆಲೆ ನಿಶ್ಚಯಿಸಿದವರು ಮೇಲಿನವರು. ಅಂಟಿಸಿದ ಕೈ ನನ್ನದು. ದೋಷ ಯಾರದು, ಆಚಾರ್ಯರೇ?”

ಉತ್ತರಕ್ಕೆ ಮೊದಲು ದೋಷವಿದೆಯೇ ಎಂಬುದನ್ನೇ ನೋಡಬೇಕು. ವರ್ತಕನ ಪಕ್ಷವು ದುರ್ಬಲವೇನಲ್ಲ. ತನ್ನ ವಸ್ತುವಿಗೆ ತಾನು ಬೆಲೆ ಕಟ್ಟುವುದು ಅವನ ಸ್ವಾತಂತ್ರ್ಯ. ಕೊಳ್ಳುವವನಿಗೆ ಕೊಡಬೇಕಾದ ಹಣ ಸ್ಪಷ್ಟವಾಗಿ ತಿಳಿದಿದೆ, ಒಪ್ಪಿಯೇ ಕೊಡುತ್ತಾನೆ. ಇನ್ನು ಬೆಲೆಯನ್ನು ಏರಿಸಿ ಹೇಳುವುದು ಹೊಸದೇ? ಕಲ್ಯಾಣದ ಪಕ್ಕದ ಉಲ್ಹಾಸನಗರದ ಬಟ್ಟೆಪೇಟೆಯಲ್ಲಿ 900 ಎಂದು ಆರಂಭಿಸಿ 400ಕ್ಕೆ ಕೊಟ್ಟರೆ ಯಾರೂ ಅದನ್ನು ಸುಳ್ಳೆನ್ನುವುದಿಲ್ಲ.

ಆದರೆ ಈ ಕೊನೆಯ ದೃಷ್ಟಾಂತವೇ ಪಕ್ಷವನ್ನು ಕೆಡಿಸುತ್ತದೆ. ಚೌಕಾಸಿಯಲ್ಲಿ 900 ಎಂಬುದು ಮಾತಿನ ಆರಂಭವೆಂದು ಇಬ್ಬರೂ ಬಲ್ಲರು. ನಮ್ಮ ಮನೆಯ ಹಿರಿಯ ಹೆಂಗಸರು ಅದನ್ನು ಅಂಗಡಿಯವನಿಗಿಂತಲೂ ಚೆನ್ನಾಗಿ ಬಲ್ಲರು! ಗೀಟು ಎಳೆದ 3,600 ಹಾಗಲ್ಲ. ಅದು ಸಾಕ್ಷ್ಯ ಹೇಳುತ್ತದೆ: ಈ ವಸ್ತು ನಿನ್ನೆಯವರೆಗೆ ಈ ಬೆಲೆಗೆ ಮಾರಾಟವಾಗುತ್ತಿತ್ತು ಎಂದು. ಆ ಸಾಕ್ಷ್ಯವನ್ನು ನಂಬಿಯೇ ಕೊಳ್ಳುವವನು ಕೈಚೀಲ ತೆರೆಯುತ್ತಾನೆ.

ನಮ್ಮ ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಭೇದಜ್ಞಾನಕ್ಕೆ ಎರಡು ಬೇಕು: ಯಾವುದರಲ್ಲಿ ಭೇದವಿದೆಯೋ ಆ ಧರ್ಮಿ, ಯಾವುದರಿಂದ ಭೇದವೋ ಆ ಪ್ರತಿಯೋಗಿ. ರಿಯಾಯಿತಿಯೂ ಒಂದು ಭೇದವೇ. ಇಲ್ಲಿ 1,800 ಎಂಬ ಧರ್ಮಿಯು ಸತ್ಯ. 3,600 ಎಂಬ ಪ್ರತಿಯೋಗಿಯು ಮೊಲದ ಕೊಂಬು. ಒಂದು ದಿನವೂ ಇಲ್ಲದ ಬೆಲೆಯಿಂದ ಕಳೆದ ಕಳೆತಕ್ಕೆ ಅರ್ಥವೇನು? ಸೀರೆಯ ಜೊತೆಗೆ ‘ಉಳಿಯಿತು’ ಎಂಬ ಜ್ಞಾನವೊಂದನ್ನೂ ಮಾರಲಾಯಿತು; ಆ ಜ್ಞಾನವು ಯಥಾರ್ಥವಾಗಿರಲಿಲ್ಲ. ಹಣದಲ್ಲಿ ನಷ್ಟವಿಲ್ಲವೆಂಬ ಸಮಾಧಾನವೂ ನಿಲ್ಲದು. ಆ ನಂಬಿಕೆ ಇಲ್ಲದಿದ್ದರೆ ಬಂಧುಗಳು ಸೀರೆಯನ್ನು ಕೊಳ್ಳುತ್ತಲೇ ಇರಲಿಲ್ಲವೇನೋ.

ನೆಲದ ಕಾನೂನು ಇದನ್ನು ಅರಿಯದೆ ಇಲ್ಲ. ಸರಕು ಸಾಮಾನ್ಯವಾಗಿ ಯಾವ ಬೆಲೆಗೆ ಮಾರಾಟವಾಗುತ್ತಿತ್ತೆಂಬ ವಿಷಯದಲ್ಲಿ ಜನರನ್ನು ದಾರಿ ತಪ್ಪಿಸುವುದನ್ನು 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ, ಅದರ ಸ್ಥಾನದಲ್ಲಿ 2020ರ ಜುಲೈಯಿಂದ ಜಾರಿಗೆ ಬಂದ 2019ರ ಕಾಯಿದೆಯೂ ಅನುಚಿತ ವ್ಯಾಪಾರ ಪದ್ಧತಿಯೆಂದೇ ಎಣಿಸಿವೆ. ದೂರು ಹೇಳಲು 1915 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಉಂಟು. ಆದರೂ ಒಂದು ಬಿರುಕಿದೆ. ಪೊಟ್ಟಣದ ಮೇಲೆ ಮುದ್ರಿತವಾದ ಗರಿಷ್ಠ ಚಿಲ್ಲರೆ ಬೆಲೆಯನ್ನು ಮೀರಿ ಮಾರುವಂತಿಲ್ಲ. ಆ ಗರಿಷ್ಠ ಬೆಲೆಯನ್ನೇ ಎಷ್ಟು ಎತ್ತರದಲ್ಲಿ ಮುದ್ರಿಸಬೇಕೆಂಬುದಕ್ಕೆ ಬಹುಪಾಲು ಸರಕುಗಳಲ್ಲಿ ಮಿತಿಯಿಲ್ಲ. ಗ್ರಾಹಕನ ರಕ್ಷಣೆಗಾಗಿ ಕಟ್ಟಿದ ಬೇಲಿಯನ್ನೇ ಏಣಿಯಾಗಿ ಬಳಸಲಾಗುತ್ತಿದೆ. ಅಲ್ಲಿ ಚೀಟಿಯ ಒಂದೊಂದು ಅಕ್ಷರವೂ ನಿಜ, ಒಟ್ಟು ಅರ್ಥ ಮಾತ್ರ ಸುಳ್ಳು. ಯುರೋಪಿನ ದೇಶಗಳು 2022ರ ಮೇ 28ರಿಂದ ಬೇರೊಂದು ಅಳತೆಗೋಲು ಹಿಡಿದಿವೆ: ರಿಯಾಯಿತಿ ಸಾರುವವನು ಅದಕ್ಕೆ ಮುಂಚಿನ ಕನಿಷ್ಠ 30 ದಿನಗಳಲ್ಲಿ ತಾನು ಮಾರಿದ ಅತಿ ಕಡಿಮೆ ಬೆಲೆಯನ್ನು ತಿಳಿಸಬೇಕು. ಬಾಳೆಹಣ್ಣು, ಅನಾನಸುಗಳ ಜಾಹೀರಾತಿನ ವ್ಯಾಜ್ಯವೊಂದರಲ್ಲಿ ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯವು, ಆ ಬೆಲೆಯನ್ನು ಮೂಲೆಯಲ್ಲಿ ನಮೂದಿಸಿದರೆ ಸಾಲದು, ಶೇಕಡಾ ಲೆಕ್ಕವನ್ನೇ ಅದರ ಮೇಲೆ ಹಾಕಬೇಕೆಂದು 2024ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು. ಬಾಳೆಹಣ್ಣಿನ ನೆಪದಲ್ಲಾದರೂ ಪ್ರತಿಯೋಗಿಯ ವಿಚಾರ ಅಲ್ಲಿಯವರೆಗೆ ಹೋಯಿತಲ್ಲ!

ಕೊಳ್ಳುವವರ ಲೋಭವೇ ಇದಕ್ಕೆ ಮೂಲವೆಂದು ಹೇಳಿ ಮುಗಿಸುವುದು ವಾಡಿಕೆ. ನಮಗೆ ಅದು ಒಪ್ಪಿಗೆಯಿಲ್ಲ. ಊರು ಬಿಟ್ಟು ಬಂದು, ಒಂದು ಕೋಣೆಯ ಮನೆಯಿಂದ ಆರಂಭಿಸಿ, ಮನೆಯ ಸಾಲ, ಮಕ್ಕಳ ಶುಲ್ಕ, ಲೋಕಲ್ ಗಾಡಿಯ ಪಾಸು ಎಲ್ಲವನ್ನೂ ತೂಗಿ ನಡೆದ ಸಂಸಾರಗಳು ನಮ್ಮವು. ದುಂದು ಮಾಡಬಾರದೆಂಬ ಸಂಸ್ಕಾರ ಇದ್ದವರನ್ನೇ ಆ ಕೆಂಪು ಗೀಟು ಹೆಚ್ಚು ಸೆಳೆಯುತ್ತದೆ. ಲೋಭಿಯನ್ನು ವಂಚಿಸುವುದಕ್ಕಿಂತ ಮಿತವ್ಯಯಿಯನ್ನು ಅವನ ಸದ್ಗುಣದ ಮೂಲಕವೇ ವಂಚಿಸುವುದು ಹೆಚ್ಚು ಹೇಯವೆಂದು ನಮ್ಮ ಅಭಿಪ್ರಾಯ.

ಯುವಕನಿಗೆ ನಾವು ಹೇಳಿದ್ದು ಇಷ್ಟೇ. ಆಜ್ಞಾಪಿಸಿದವನ ಪಾಲು ದೊಡ್ಡದು. ಅಂಟಿಸಿದವನ ಪಾಲು ಶೂನ್ಯವಲ್ಲ. ಹೊಟ್ಟೆಪಾಡಿನ ಕೆಲಸವನ್ನು ನಾಳೆಯೇ ಬಿಡೆಂದು ಹೇಳಲು, ಅವನ ಮನೆಯ ಬಾಡಿಗೆ ಕೊಡದ ನಮಗೆ ಅಧಿಕಾರವಿಲ್ಲ. ಆದರೆ ಕೊಳ್ಳಲು ಬಂದವರು “ಹೋದ ತಿಂಗಳು ಇದರ ಬೆಲೆ ಎಷ್ಟಿತ್ತು?” ಎಂದು ನೇರವಾಗಿ ಕೇಳಿದರೆ ಸುಳ್ಳು ಹೇಳಕೂಡದು.

ಅವನು ಸ್ವಲ್ಪ ಹೊತ್ತು ತಾಳವನ್ನು ಚೀಲಕ್ಕೆ ಹಾಕುತ್ತ ಕುಳಿತಿದ್ದು, ಎದ್ದು ಹೊರಡುವಾಗ ಹೇಳಿದನು: “ಮೂರು ವರ್ಷವಾಯಿತು, ಆಚಾರ್ಯರೇ. ಇದುವರೆಗೆ ಯಾರೂ ಕೇಳಿಲ್ಲ.”