ನಿನ್ನನ್ನು ನೋಡಿಕೊಳ್ಳುವವರು ಯಾರಿದ್ದಾರೆ?


*ಇಂದಿನ ಧಮ್ಮ ಚಿಂತನೆ – ವರ್ಷಾವಾಸ*

ಧಮ್ಮ ಬಂಧುಗಳೇ,

ಆಷಾಢ ಹುಣ್ಣಿಮೆ ಕಳೆದಿದೆ, ವರ್ಷಾವಾಸ ನಡೆಯುತ್ತಿದೆ. ಊರೂರು ತಿರುಗುವ ಭಿಕ್ಖುಗಳು ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನಿಲ್ಲಬೇಕೆಂದು ಬುದ್ಧರು ನಿಯಮ ಮಾಡಿದರು. ಹಾಗೆ ನಿಂತವರಿಗೆ ಸೂರು, ಊಟ, ಔಷಧಿ ಒದಗಿಸಿದವರು ಆಯಾ ಊರಿನ ಉಪಾಸಕರು, ಉಪಾಸಿಕೆಯರು. ಅಂದರೆ, ಹೊರಗಿನಿಂದ ಬಂದವರಿಗೆ ಜಾಗ ಕೊಡುವುದು ನಮ್ಮ ಧಮ್ಮದಲ್ಲಿ ಗೃಹಸ್ಥರು ಮೊದಲಿನಿಂದಲೂ ಮಾಡಿಕೊಂಡು ಬಂದ ಕೆಲಸ.

ನಮ್ಮ ಕರಾವಳಿಗೂ ಒಂದು ವರ್ಷಾವಾಸ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಸಂತಾನ ಬೆಳೆಸುವ ಕಾಲ ಅದು. ಬೆಂಗ್ರೆಯಲ್ಲಿ ನಿಂತು ನೋಡಿದರೆ ಒಂದು ಬದಿ ಅರಬ್ಬಿ ಸಮುದ್ರ, ಇನ್ನೊಂದು ಬದಿ ಫಲ್ಗುಣಿ ನದಿ, ಹೊಳೆಯಾಚೆ ಹಳೆ ಬಂದರಿನಲ್ಲಿ ಸಾಲಾಗಿ ಕಟ್ಟಿದ ಬೋಟುಗಳು. ಇನ್ನು ಕೆಲವೇ ದಿನ. ಆಗಸ್ಟ್ ಬಂತೆಂದರೆ ಆ ಬೋಟುಗಳು ಹೊರಡುತ್ತವೆ. ಅವುಗಳಲ್ಲಿ ಬಲೆ ಎಳೆಯಲು ಒಡಿಶಾ, ಆಂಧ್ರ, ತಮಿಳುನಾಡು, ಜಾರ್ಖಂಡ್‌ಗಳಿಂದ ಹುಡುಗರು ರೈಲು ಇಳಿಯುತ್ತಾರೆ. ರಾಯಚೂರು, ಕೊಪ್ಪಳ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ಮಂಗಳೂರಿನಲ್ಲಿ ವರ್ಷವಿಡೀ ಇದ್ದೇ ಇರುತ್ತವೆ. ನಾವು ಅವರನ್ನು ಹೆಸರು ಹಿಡಿದು ಕರೆಯುವುದು ಕಡಿಮೆ. ಒಬ್ಬರನ್ನು 'ಘಟ್ಟದವರು' ಅನ್ನುತ್ತೇವೆ, ಇನ್ನೊಬ್ಬರನ್ನು 'ಹಿಂದಿಯವರು' ಅನ್ನುತ್ತೇವೆ.

ಇವತ್ತು ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ವಿನಯ ಪಿಟಕದ ಒಂದು ಪ್ರಸಂಗ ನೋಡೋಣ.

*ಹಾಸಿಗೆ ಹಿಡಿದ ಭಿಕ್ಖು*

ಒಮ್ಮೆ ಬುದ್ಧರು ಆನಂದರ ಜೊತೆ ಭಿಕ್ಖುಗಳ ವಸತಿಗಳನ್ನು ನೋಡುತ್ತಾ ಬಂದರು. ಒಂದು ಕಡೆ ಒಬ್ಬ ಭಿಕ್ಖು ಹೊಟ್ಟೆಯ ಕಾಯಿಲೆಯಿಂದ ನರಳುತ್ತಾ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ. ಬುದ್ಧರು ಹತ್ತಿರ ಹೋಗಿ ಏನು ಕಾಯಿಲೆ ಎಂದು ಕೇಳಿದರು. ಆಮೇಲೆ, ನಿನ್ನನ್ನು ನೋಡಿಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಯಾರೂ ಇಲ್ಲ ಎಂದ. ಯಾಕೆ ಎಂದು ಕೇಳಿದರೆ ಆತ ಕೊಟ್ಟ ಉತ್ತರ ಇಷ್ಟೇ: ನನ್ನಿಂದ ಬೇರೆ ಭಿಕ್ಖುಗಳಿಗೆ ಯಾವ ಉಪಯೋಗವೂ ಇಲ್ಲ, ಅದಕ್ಕೇ ಅವರು ನನ್ನನ್ನು ನೋಡುವುದಿಲ್ಲ.

ಬುದ್ಧರು ಆನಂದರಿಂದ ನೀರು ತರಿಸಿದರು. ಬುದ್ಧರು ನೀರು ಹೊಯ್ದರು, ಆನಂದರು ತೊಳೆದರು. ತಲೆಯ ಕಡೆ ಬುದ್ಧರು, ಕಾಲಿನ ಕಡೆ ಆನಂದರು ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಕರೆದು ಹೇಳಿದ ಮಾತಿನ ಸಾರ ಇದು: ಇಲ್ಲಿ ನಿಮಗೆ ತಾಯಿಯೂ ಇಲ್ಲ, ತಂದೆಯೂ ಇಲ್ಲ. ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ಯಾರು ನೋಡಿಕೊಳ್ಳುತ್ತಾರೆ? ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ.

ಬುದ್ಧರು ಬುದ್ಧಿಮಾತು ಹೇಳಿ ಅಷ್ಟಕ್ಕೇ ಬಿಡಲಿಲ್ಲ. ಇದನ್ನು ನಿಯಮ ಮಾಡಿದರು. ರೋಗಿಗೆ ಗುರು ಇದ್ದರೆ ಗುರು ನೋಡಬೇಕು, ಶಿಷ್ಯ ಇದ್ದರೆ ಶಿಷ್ಯ ನೋಡಬೇಕು, ಯಾರೂ ಇಲ್ಲದಿದ್ದರೆ ಇಡೀ ಸಂಘವೇ ನೋಡಬೇಕು, ನೋಡದಿದ್ದರೆ ಅದು ದೋಷ ಎಂದು ವಿಧಿಸಿದರು. ಕನಿಕರ ಬಂದಾಗ ಮಾಡುವುದು, ಬಾರದಿದ್ದಾಗ ಬಿಡುವುದು ಎಂಬ ದಾನವಾಗಿ ಅದು ಉಳಿಯಲಿಲ್ಲ. ಬಿದ್ದವನಿಗೆ ಅದು ಹಕ್ಕು, ನಿಂತವನಿಗೆ ಅದು ಕರ್ತವ್ಯ.

*ಉಪಯೋಗ ಇರುವವರೆಗೆ ಮಾತ್ರವೇ?*

ಆ ಭಿಕ್ಖುವಿನ ಉತ್ತರವನ್ನು ಮತ್ತೆ ಓದಿಕೊಳ್ಳಿ. ವಲಸೆ ಬಂದ ಪ್ರತಿಯೊಬ್ಬ ಕಾರ್ಮಿಕನ ಎದೆಯೊಳಗಿನ ಭಯ ಅದೇ. ಕೈಕಾಲು ಗಟ್ಟಿ ಇರುವವರೆಗೆ ಬೋಟಿನಲ್ಲಿ ಜಾಗ, ಸೈಟಿನಲ್ಲಿ ಜಾಗ. ಜ್ವರ ಬಂದರೆ, ಬೆರಳು ಹಗ್ಗಕ್ಕೆ ಸಿಕ್ಕಿದರೆ, ಸಾರುವೆ ಮೇಲಿಂದ ಬಿದ್ದರೆ ಯಾರು?

2020ರ ಮೇ ತಿಂಗಳ ಮೊದಲ ವಾರ ನೆನಪಿದೆಯೇ? ಲಾಕ್‌ಡೌನ್‌ನಲ್ಲಿ ಕೆಲಸ ಇಲ್ಲ, ಕೂಲಿ ಇಲ್ಲ, ಊರಿಗೆ ಹೋಗುತ್ತೇವೆ ಎಂದು ಕಾರ್ಮಿಕರು ಅಂಗಲಾಚುತ್ತಿದ್ದರು. ಕಟ್ಟಡ ನಿರ್ಮಾಣದವರ ಜೊತೆ ಸಭೆ ನಡೆದ ಬಳಿಕ ರಾಜ್ಯ ಸರ್ಕಾರ ಅವರ ರೈಲುಗಳನ್ನೇ ಬೇಡ ಎಂದಿತು. ದೇಶವೆಲ್ಲ ಪ್ರಶ್ನಿಸಿದ ಮೇಲೆ ನಿರ್ಧಾರ ಹಿಂದೆಗೆಯಿತು. ಆ ದಿನಗಳಲ್ಲಿ ಮಂಗಳೂರಿನ ರೈಲು ನಿಲ್ದಾಣದ ಬಳಿಯೂ ನೂರಾರು ಜನ ಬ್ಯಾಗು ಹಿಡಿದು ಬಂದು ನಿಂತಿದ್ದರು. ಊಟ ಕೊಡುವವರಿಲ್ಲ, ಹೋಗಲು ಬಿಡುವವರೂ ಇಲ್ಲ. ಮನುಷ್ಯರನ್ನು ಬರೀ ಉಪಯೋಗ ಎಂದು ಲೆಕ್ಕ ಹಾಕಿದರೆ ಆಗುವುದು ಇದೇ.

2022ರ ಏಪ್ರಿಲ್ 17. ಮಂಗಳೂರಿನ ವಿಶೇಷ ಆರ್ಥಿಕ ವಲಯದ ಒಂದು ಮೀನು ಸಂಸ್ಕರಣಾ ಘಟಕದಲ್ಲಿ ತ್ಯಾಜ್ಯದ ಟ್ಯಾಂಕಿಗೆ ಇಳಿದ ಒಬ್ಬ ಕಾರ್ಮಿಕ ವಿಷಗಾಳಿಗೆ ಕುಸಿದ. ಅವನನ್ನು ಎತ್ತಲು ಹೋದ ಜೊತೆಗಾರರೂ ಕುಸಿದರು. ಐದು ಮಂದಿ ತೀರಿಕೊಂಡರು. ಐವರೂ ಪಶ್ಚಿಮ ಬಂಗಾಳದವರು. ಮಲದ ಗುಂಡಿಯಲ್ಲಿ ಸತ್ತವರ ಸುದ್ದಿ ನಮ್ಮ ಸಮುದಾಯಕ್ಕೆ ಹೊಸದಲ್ಲ, ಆ ನೋವು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಅಲ್ಲಿ ಕೆಳಗೆ ಬಿದ್ದವನ ಹಿಂದೆ ಇಳಿದವರು ಅವನಂತೆಯೇ ಮನೆ ಬಿಟ್ಟು ಬಂದವರು. ತಾಯಿತಂದೆ ಇಲ್ಲದ ಕಡೆ ಒಬ್ಬರನ್ನೊಬ್ಬರು ನೋಡಿಕೊಳ್ಳುವ ನಿಯಮವನ್ನು ಅವರು ಪ್ರಾಣ ಕೊಟ್ಟು ಪಾಲಿಸಿದರು.

*ಬಾಬಾಸಾಹೇಬರಿಗೆ ಸಿಗದ ಕೋಣೆ*

ನಮಗೆ ಇದು ಬೇರೆಯವರ ವಿಷಯ ಅಲ್ಲ. 1917ರಲ್ಲಿ ವಿದೇಶದಲ್ಲಿ ಓದಿ ಬಂದ ಬಾಬಾಸಾಹೇಬರು ಬರೋಡಾ ಸಂಸ್ಥಾನದ ನೌಕರಿಗೆ ಹೋದರು. ಕೈಯಲ್ಲಿ ಪದವಿ ಇತ್ತು, ನೌಕರಿ ಇತ್ತು, ಇರಲು ಕೋಣೆ ಇರಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಉಳಿದರೆ, ಜಾತಿ ತಿಳಿದು ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರ ಮನೆಯಲ್ಲೂ ಜಾಗ ಸಿಗಲಿಲ್ಲ. ಮುಂಬಯಿ ರೈಲಿನ ಹೊತ್ತಾಗುವವರೆಗೆ ಅವರು ಕಳೆದದ್ದು ಸಾರ್ವಜನಿಕ ಉದ್ಯಾನದಲ್ಲಿ.

ಭಾರತದ ಯಾವ ಭಾಗದಲ್ಲಾದರೂ ಸಂಚರಿಸುವ, ನೆಲೆಸುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ. ಆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು, ಒಂದು ಕಾಲದಲ್ಲಿ ಒಂದು ಕೋಣೆಗಾಗಿ ಅಲೆದವರು. ಈಗ ನಮ್ಮಲ್ಲಿ ಕೆಲವರಿಗೆ ಸ್ವಂತ ಮನೆ ಇದೆ, ಬಾಡಿಗೆಗೆ ಕೊಡಲು ಒಂದು ಕೋಣೆಯೂ ಇದೆ. ಬಾಗಿಲಿಗೆ ಬಂದವನಿಗೆ ನಾವು ಕೇಳುವ ಮೊದಲ ಪ್ರಶ್ನೆ ಏನು? ನೀನು ಯಾವ ಕಡೆಯವನು, ಯಾವ ಜನ, ಏನು ತಿನ್ನುತ್ತೀ? ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೊಟ್ಟು ನಮ್ಮ ಹಿರಿಯರ ನಾಲಿಗೆ ಒಣಗಿತ್ತು.

ಇವರು ಬಂದ ಮೇಲೆ ನಮ್ಮ ಹುಡುಗರ ಕೂಲಿ ಇಳಿಯಿತು ಎಂದು ಕೆಲವರು ಹೇಳುತ್ತಾರೆ. ಹೊಟ್ಟೆಯ ಪ್ರಶ್ನೆ ಅದು, ಹಗುರವಾಗಿ ತಳ್ಳಿಹಾಕಬಾರದು. ಆದರೆ ಕೂಲಿ ಇಳಿಸುವವರು ಯಾರು? ಬಂದವನಿಗೆ ಭಾಷೆ ಬಾರದು, ಹಿಂದೆ ಮುಂದೆ ಯಾರೂ ಇಲ್ಲ ಎಂದು ತಿಳಿದು ಕಡಿಮೆ ಕೊಡುವವರು. ವಲಸೆ ಬಂದವರಿಗೂ ಅದೇ ಕೆಲಸ ಮಾಡುವ ಬೇರೆಯವರಿಗಿಂತ ಕಡಿಮೆ ಕೂಲಿ ಕೊಡಬಾರದು ಎಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಅವನ ಹಿಂದೆ ನಾವು ನಿಂತರೆ ಅವನ ಕೂಲಿ ಏರುತ್ತದೆ, ನಮ್ಮದೂ ಉಳಿಯುತ್ತದೆ. ಅವನನ್ನು ಒಂಟಿ ಮಾಡಿದರೆ ಇಬ್ಬರದೂ ಇಳಿಯುತ್ತದೆ.

*ಐದು ಗುಣ, ಐದು ಕೆಲಸ*

ರೋಗಿಯನ್ನು ನೋಡಿಕೊಳ್ಳುವವರಿಗೆ ಇರಬೇಕಾದ ಐದು ಗುಣಗಳನ್ನು ಬುದ್ಧರು ಹೇಳಿದ್ದಾರೆ. ಬೆಂಗ್ರೆಯ ಸುತ್ತಮುತ್ತ ಇರುವ ನಾವು ಅವನ್ನು ಹೀಗೆ ಆಚರಿಸಬಹುದು.

1. *ಔಷಧಿ ಒದಗಿಸಲು ಬಲ್ಲವರಾಗಿರಬೇಕು.* ಹತ್ತು ದಿನ ಕಡಲಲ್ಲಿದ್ದು ಬಂದ ಹುಡುಗನಿಗೆ ವೆನ್‌ಲಾಕ್ ಆಸ್ಪತ್ರೆ ಎಲ್ಲಿದೆ, ಚೀಟಿ ಎಲ್ಲಿ ಮಾಡಿಸಬೇಕು ತಿಳಿಯದು. ಫೆರಿ ಬೋಟು ದಾಟಿಸಿ ಜೊತೆಗೆ ಹೋಗುವುದೇ ದೊಡ್ಡ ಔಷಧಿ. ಹೆರಿಗೆಗೆ ಲೇಡಿ ಗೋಶನ್ ಆಸ್ಪತ್ರೆ ಇದೆ ಎಂದು ಸೈಟಿನ ಹೆಣ್ಣುಮಕ್ಕಳಿಗೆ ಹೇಳಿ.

2. *ಹಿತ ಯಾವುದು, ಅಹಿತ ಯಾವುದು ತಿಳಿದಿರಬೇಕು.* ಬೇರೆ ರಾಜ್ಯದ ರೇಷನ್ ಕಾರ್ಡಿಗೂ ಇಲ್ಲಿ ಪಡಿತರ ಸಿಗುತ್ತದೆ. ಆಯುಷ್ಮಾನ್ ಕಾರ್ಡ್ ರಾಜ್ಯದ ಗಡಿ ದಾಟಿದರೂ ನಡೆಯುತ್ತದೆ. ಇ-ಶ್ರಮ್ ನೋಂದಣಿಗೆ ಹಣ ಕೊಡಬೇಕಾಗಿಲ್ಲ. ವರ್ಗಾವಣೆ ಪತ್ರ ಇಲ್ಲ ಎಂದು ಸರ್ಕಾರಿ ಶಾಲೆ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಕೂಲಿ ಕೊಡದಿದ್ದರೆ ಉಚಿತ ಕಾನೂನು ನೆರವಿಗೆ 15100. ಇದನ್ನೆಲ್ಲ ತಿಳಿದು ಹೇಳುವುದು ಹಿತ. ನಡುವೆ ನಿಂತು ಕಮಿಷನ್ ತಿನ್ನುವವರಿಂದ ದೂರ ಇಡುವುದೂ ಹಿತ.

3. *ಮೈತ್ರಿಯಿಂದ ಮಾಡಬೇಕು, ಲಾಭಕ್ಕಲ್ಲ.* ಫೋಟೊ ಬೇಡ, ಬ್ಯಾನರ್ ಬೇಡ. ಧಮ್ಮಕ್ಕೆ ಸೇರುತ್ತೀಯಾ ಎಂಬ ಕರಾರೂ ಬೇಡ. ಅವನು ಯಾವ ದೇವರಿಗೆ ಕೈಮುಗಿದರೂ ಹಸಿವು ಹಸಿವೇ.

4. *ಮಲ, ಮೂತ್ರ, ವಾಂತಿ ಎತ್ತಲು ಹೇಸಬಾರದು.* ಬಂಧುಗಳೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಯಾವ ಕೆಲಸವನ್ನು ಜಾತಿ ವ್ಯವಸ್ಥೆ ಕೆಲವರ ತಲೆಗೆ ಕಟ್ಟಿ ಅವರನ್ನೇ ಮುಟ್ಟಬಾರದವರು ಎಂದಿತೋ, ಆ ಕೆಲಸವನ್ನು ಬುದ್ಧರು ಇನ್ನೊಬ್ಬರನ್ನು ಕರೆಯದೆ ತಾವೇ ಮಾಡಿದರು. ಮನುಷ್ಯರನ್ನು ಕಂಡು ಹೇಸುವುದೇ ಅಸ್ಪೃಶ್ಯತೆಯ ಬೇರು. ಆ ಹೇಸಿಗೆ ಬಡವನ ಬೆವರಿನ ವಾಸನೆಗೆ, ಬೇರೆ ಭಾಷೆಯವನ ಊಟದ ವಾಸನೆಗೆ ನಮ್ಮಲ್ಲೂ ಮೊಳೆಯದಂತೆ ಕಾಯಬೇಕು.

5. *ಒಳ್ಳೆಯ ಮಾತಿನಿಂದ ಮನಸ್ಸಿಗೆ ಧೈರ್ಯ ತುಂಬಬೇಕು.* ಕಾಯಿಲೆ ದೇಹಕ್ಕೆ ಮಾತ್ರ ಬರುವುದಿಲ್ಲ. ಊರಿನ ನೆನಪು, ಸಾಲದ ಚಿಂತೆ, ಕಡಲಿನಲ್ಲಿ ಸಿಗ್ನಲ್ ಸಿಗದೆ ಮನೆಯವರ ದನಿ ಕೇಳದ ದಿನಗಳು, ಕೊನೆಗೆ ಕುಡಿತ. ಒಂದು ಭಾನುವಾರ ಜೊತೆಗೆ ಊಟ, ಮರಳಿನ ಮೇಲೆ ಒಂದು ಚೆಂಡಾಟ, ಅವರ ಊರಿನ ಒಂದು ಹಾಡು ಹಾಡಿಸಿ ಕೇಳುವುದು, ನಾಲ್ಕು ಮಾತು ಕನ್ನಡವೋ ತುಳುವೋ ಕಲಿಸಿ ಅವರಿಂದ ನಾಲ್ಕು ಮಾತು ಕಲಿಯುವುದು ಸಣ್ಣ ಕೆಲಸ ಅಲ್ಲ. ಮನಸ್ಸು ತೀರಾ ಕುಗ್ಗಿದವರಿಗೆ ಟೆಲಿ-ಮಾನಸ್ 14416 ಉಚಿತ, ಹಲವು ಭಾಷೆಗಳಲ್ಲಿ ಮಾತಾಡುತ್ತಾರೆ. ಸಂಖ್ಯೆ ಕೊಟ್ಟು ಸುಮ್ಮನಾಗಬೇಡಿ, ಪಕ್ಕದಲ್ಲಿ ಕೂತು ಕರೆ ಮಾಡಿಸಿ.

*ಬೈಲುಕುಪ್ಪೆ ಹೇಳುವ ಪಾಠ*

ಆಸರೆ ಎಂದರೆ ಒಂದು ಹೊತ್ತಿನ ಊಟಕ್ಕೆ ಮುಗಿಯುವುದಿಲ್ಲ. 1959ರ ನಂತರ ಟಿಬೆಟ್ ಬಿಟ್ಟು ಬಂದ ಬೌದ್ಧ ನಿರಾಶ್ರಿತರಿಗೆ ಆಗಿನ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಭೂಮಿ ಕೊಟ್ಟಿತು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಯೂ ನೆಲೆಗಳಾದವು. ಹಿಮದ ನಾಡಿನವರು ಇಲ್ಲಿನ ಬಿಸಿಲಲ್ಲಿ ಕಾಡು ಕಡಿದು ಜೋಳ ಬೆಳೆದರು, ಸಹಕಾರ ಸಂಘ ಕಟ್ಟಿದರು, ಶಾಲೆ, ಆಸ್ಪತ್ರೆ, ವಿಹಾರ ಕಟ್ಟಿದರು. ನೆಲ, ಶಾಲೆ, ತಮ್ಮ ಹಬ್ಬವನ್ನು ತಾವೇ ಮಾಡಿಕೊಳ್ಳುವ ಜಾಗ ಸಿಕ್ಕಿದ್ದರಿಂದ ಕೈಚಾಚಿ ಬಂದವರು ಕಾಲೂರಿ ನಿಂತರು. ಇವತ್ತು ಅಲ್ಲಿನ ಬುದ್ಧ ವಿಹಾರ ನೋಡಲು ನಾವೇ ಬಸ್ಸು ಮಾಡಿಕೊಂಡು ಹೋಗುತ್ತೇವೆ.

ನಾವು ದಿನಾ ತ್ರಿಶರಣ ಹೇಳುತ್ತೇವೆ. ಪಾಲಿಯಲ್ಲಿ ಸರಣ ಎಂದರೆ ಆಸರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಹಳೆಯ ಮನೆಯನ್ನು ಬಿಟ್ಟು ಈ ಆಸರೆಗೆ ಬಂದರು. ಆ ದಿನದ 22 ಪ್ರತಿಜ್ಞೆಗಳಲ್ಲಿ ಎಲ್ಲ ಮನುಷ್ಯರೂ ಸಮಾನರು ಎಂಬುದಿದೆ, ಸಮಾನತೆ ಸ್ಥಾಪಿಸಲು ಯತ್ನಿಸುತ್ತೇನೆ ಎಂಬುದಿದೆ, ಜೀವಿಗಳ ಮೇಲೆ ದಯೆ ಇಡುತ್ತೇನೆ ಎಂಬುದಿದೆ. ಆಸರೆ ಪಡೆದವರು ನಾವು. ಆಸರೆ ಆಗುವುದು ನಮ್ಮ ಮೇಲಿರುವ ಋಣ.

*ಇಂದಿನ ಸಂಕಲ್ಪ*

ನಮ್ಮ ಓಣಿಯಲ್ಲಿ, ಧಕ್ಕೆಯಲ್ಲಿ, ಕೆಲಸದ ಜಾಗದಲ್ಲಿ ದೂರದ ಊರಿನಿಂದ ಬಂದ ಒಬ್ಬರ ಹೆಸರು ಕೇಳಿ ತಿಳಿಯುತ್ತೇನೆ. ಅದೇ ಹೆಸರಿನಿಂದ ಕರೆಯುತ್ತೇನೆ. ಹುಷಾರಿಲ್ಲದಾಗ ನಿಮ್ಮನ್ನು ನೋಡಿಕೊಳ್ಳುವವರು ಇಲ್ಲಿ ಯಾರಿದ್ದಾರೆ ಎಂದು ಕೇಳುತ್ತೇನೆ. ಯಾರೂ ಇಲ್ಲ ಎಂದರೆ ನನ್ನ ಫೋನ್ ನಂಬರ್ ಕೊಡುತ್ತೇನೆ.

ಐದು ನಿಮಿಷ ಕಣ್ಣು ಮುಚ್ಚಿ ಕೂತು, ಮನೆಯಿಂದ ದೂರ ಇರುವ ಎಲ್ಲರಿಗೂ ಮೈತ್ರಿ ಕಳಿಸಿ. ಆಮೇಲೆ ಎದ್ದು ಆ ಒಬ್ಬರನ್ನು ಹುಡುಕಿಕೊಂಡು ಹೋಗಿ.

ಸಾಧು, ಸಾಧು, ಸಾಧು.
ನಮೋ ಬುದ್ಧಾಯ. ಜೈ ಭೀಮ್. ಜೈ ಸಂವಿಧಾನ. 🙏

_ಓದಿದ ಮೇಲೆ ಮನೆಯವರಿಗೂ ಓದಿ ಹೇಳಿ. ನಿಮ್ಮ ಬಳಗದ ಗುಂಪುಗಳಿಗೆ ಕಳಿಸಿ._