ಅಮ್ಮನ ಗದ್ದ

"ಊಟ ಬಿಟ್ಟರೂ ಇದು ಕರಗೋದಿಲ್ಲಮ್ಮ" ಎಂದು ಮಗಳು ಗದ್ದದ ಕೆಳಗಿನ ಮಡಿಕೆಯನ್ನು ಹಿಡಿದು ತೋರಿಸಿದಳು. ನಿಜವೇ. ಅದು ಊಟದ ಗಳಿಕೆಯಲ್ಲ. ನನ್ನಮ್ಮನ ಆಸ್ತಿ, ನನ್ನ ಮೂಲಕ ಅವಳಿಗೆ ಹೋಗಿದೆ. ಸಣ್ಣ ಕೊಳವೆ ತೂರಿಸಿ ಕೊಬ್ಬನ್ನು ಹೀರುವ ಲೈಪೋಸಕ್ಷನ್ ಹಳೆಯದು. ಪಿತ್ತರಸದಲ್ಲಿರುವ ಆಮ್ಲವೊಂದನ್ನು ಗದ್ದದಡಿ ಚುಚ್ಚಿ ಕೊಬ್ಬಿನ ಕೋಶಗಳನ್ನೇ ಒಡೆಯುವ ಮದ್ದಿಗೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಮಗಳಿಗೆ ಎರಡೂ ಬಾಯಿಪಾಠ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋದ ಇಪ್ಪತ್ತೊಂದರ ಕಿರುತೆರೆ ನಟಿ ತೀರಿಕೊಂಡದ್ದನ್ನು ನೆನಪಿಸಿದೆ. "ರಸ್ತೆಯಲ್ಲೂ ಸಾಯ್ತಾರಮ್ಮ" ಎಂದಳು. ದೇವರು ಕೊಟ್ಟ ಮುಖ ಎಂದು ಶುರುಮಾಡಿದೆ. ಅವಳು ಸುಮ್ಮನೆ ನನ್ನ ತಲೆಯನ್ನು ನೋಡಿದಳು. ತಿಂಗಳಿಗೊಮ್ಮೆ ಬಣ್ಣ ಕಾಣುವ ತಲೆ. ಬಣ್ಣ ಮಾಸುತ್ತದೆ, ಕೊಯ್ದದ್ದು ಮರಳದು ಎನ್ನಬಹುದಿತ್ತು. ಆದರೆ ನಾನು ಅದನ್ನು ಮಾಸಲು ಬಿಟ್ಟದ್ದುಂಟೆ?

ನನಗೆ ನೋವಾದದ್ದು ಬೇರೆಡೆ. ಅಮ್ಮ ನಗುತ್ತಿರುವ ಫೋಟೋ ನಮ್ಮಲ್ಲಿ ಒಂದೂ ಇಲ್ಲ. ನಕ್ಕಾಗ ಆ ಮಡಿಕೆ ಕುಣಿಯುತ್ತಿದ್ದುದನ್ನು ಈಗ ಮಗಳ ಮುಖದಲ್ಲೇ ನೋಡಬೇಕು. ನನ್ನ ನೆನಪನ್ನು ನೀನು ಹೊತ್ತು ತಿರುಗು ಎಂದು ಕೇಳುವ ಹಕ್ಕು ತಾಯಿಗೂ ಇರಲಾರದು. ಆ ಮಾತನ್ನು ಅವಳಿಗೆ ಹೇಳಿಲ್ಲ.

ಮಂಗಳವಾರ ಡಾಕ್ಟರರನ್ನು ಕಾಣುವುದಿದೆ. ಜೊತೆಗೆ ಬಾ ಎಂದಿದ್ದಾಳೆ. ಹೋಗುತ್ತೇನೆ.